ಸತ್ತವನ ಪಾಲು

ನಮ್ಮ ಮಠದಲ್ಲಿ ಸನ್ಯಾಸಿಯೊಬ್ಬ ಸತ್ತರೆ ಮೂವತ್ತು ದಿನ ಅವನ ಊಟ ನಿಲ್ಲುವುದಿಲ್ಲ. ಪಂಕ್ತಿಯಲ್ಲಿ ಅವನ ಜಾಗ ಖಾಲಿ ಬಿಟ್ಟು, ಅಲ್ಲೊಂದು ಮರದ ಶಿಲುಬೆ ಇಟ್ಟು, ಅದರ ಮುಂದೆ ಅವನ ಪಾಲಿನ ರೊಟ್ಟಿ, ಕಾಳಿನ ಸಾರು, ಒಂದು ತುಂಡು ಗಿಣ್ಣು, ಒಂದು ಲೋಟ ದ್ರಾಕ್ಷಾರಸ ಬಡಿಸುತ್ತಾರೆ. ಎಲ್ಲರ ಊಟ ಮುಗಿದ ಮೇಲೆ ಅದನ್ನು ಹೆಬ್ಬಾಗಿಲಿಗೆ ತಂದು ಅಲ್ಲಿ ಕಾದಿರುವ ಮೊದಲ ಬಡವನಿಗೆ ಕೊಡಬೇಕು. ಅವನು ಉಂಡು, ಸತ್ತವನ ಆತ್ಮಕ್ಕಾಗಿ ಪ್ರಾರ್ಥಿಸಿ ಹೋಗಬೇಕು. ಕೊಡುವವನು ನಾನು, ಬಾಗಿಲು ಕಾಯುವ ಬೊನಿಜೊ. ಎಷ್ಟೋ ಸತ್ತವರ ಪಾಲನ್ನು ಈ ಕೈಯಿಂದ ಹಂಚಿದ್ದೇನೆ. ಒಂದು ಸಲ ಮಾತ್ರ ಸತ್ತವನೇ ಬಂದು ತನ್ನ ಪಾಲು ತಾನೇ ಉಂಡ.

ಜನ ಅದನ್ನು ಪವಾಡ ಅನ್ನುತ್ತಾರೆ. ಪವಾಡ ಕೇಳುವುದಕ್ಕೆಂದೇ ಬೆಟ್ಟ ಹತ್ತಿ ಬಂದು ನನ್ನ ಬಾಗಿಲು ಬಡಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಡೆದದ್ದೇನೆಂದು ನನಗೆ ಗೊತ್ತು. ಅದರಲ್ಲಿ ದೇವರದ್ದಕ್ಕಿಂತ ನನ್ನ ಕೈವಾಡವೇ ಹೆಚ್ಚು.

ಅರ್ದಿಂಗೊ ಸ್ವಾಮಿ ಮೊದಲು ಗವಿಯಲ್ಲಿದ್ದರು. ನಮ್ಮ ಫೊಂತೆಸೆಕ್ಕಾ ಮಠದ ಮೇಲೆ ಕಸ್ತಾನ್ಯ ಎಂಬ ಕಾಯಿಮರಗಳ ಕಾಡಿದೆ, ಕಾಡು ದಾಟಿದರೆ ಬರೀ ಬಂಡೆ, ಆ ಬಂಡೆಯಲ್ಲಿ ಒಂದು ಬಿರುಕು. ಗವಿ ಎಂದರೆ ಅಷ್ಟೆ. ಹದಿನಾಲ್ಕು ವರ್ಷ ಅದರಲ್ಲಿ ಒಬ್ಬರೇ ಇದ್ದರು. ಭಾನುವಾರಕ್ಕೊಮ್ಮೆ ನಾನು ರೊಟ್ಟಿ ಹೊತ್ತು ಹೋಗುತ್ತಿದ್ದೆ. ಮೂರು ಮಾತಿಗಿಂತ ಹೆಚ್ಚು ಆಡುತ್ತಿರಲಿಲ್ಲ, ಆದರೆ ಆಡಿದ್ದರಲ್ಲಿ ಒಂದು ಕೀಟಲೆ ಇದ್ದೇ ಇರುತ್ತಿತ್ತು.

"ಬೊನಿಜೊ, ಈ ರೊಟ್ಟಿ ತಿನ್ನೋಕೋ, ಗೋಡೆ ಕಟ್ಟೋಕೋ?"

"ಎರಡಕ್ಕೂ ಆಗುತ್ತೆ ಸ್ವಾಮಿ. ಮಿಕ್ಕಿದ್ರೆ ತೋಳ ಹೊಡೀರಿ."

ನಗುತ್ತಿದ್ದರು. ಅಂಥ ನಿರಾಳ ನಗು ನಾನು ಆಮೇಲೆ ಯಾರ ಮುಖದಲ್ಲೂ ಕಾಣಲಿಲ್ಲ. ಕೆಳಗಿಳಿದು ಬರುವಾಗ ನನ್ನ ಹೊಟ್ಟೆಯೊಳಗೂ ತಣ್ಣಗಿರುತ್ತಿತ್ತು. ಆ ನಗುವನ್ನು ಹಾಳು ಮಾಡಿದವನೂ ನಾನೇ.

ಆ ವರ್ಷ ನಮ್ಮ ಹಳೆಯ ಮಠಾಧಿಪತಿ ತೀರಿಕೊಂಡರು. ಹೊಸಬರನ್ನು ಆರಿಸಬೇಕಾದವರು ಹನ್ನೊಂದು ಸನ್ಯಾಸಿಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಹನ್ನೊಂದು ಜನ. ಕಣಿವೆಯ ಒಡೆಯ ರಂಬಾಲ್ದೊ ಪ್ರಭುವಿಗೆ ತನ್ನ ಅಣ್ಣನ ಮಗನನ್ನು ಆ ಪೀಠದ ಮೇಲೆ ಕೂರಿಸುವ ಆಸೆ. ಆ ಹುಡುಗಾಟದ ಮನುಷ್ಯನಿಗೆ ಕೀರ್ತನೆ ಒಂದೂ ಬಾಯಿಗೆ ಬರದು. ಗಿಡುಗ ಹಾರಿಸುವುದು, ನಾಯಿ ಛೂ ಬಿಡುವುದು, ಇದೇ ಅವನ ವಿದ್ಯೆ. ಪೀಠ ಸಿಕ್ಕ ಮರುದಿನವೇ ಮಠದ ಕಸ್ತಾನ್ಯ ಕಾಡನ್ನು ಬೇಟೆಗೆಂದು ಬೇಲಿ ಹಾಕಿ ಮುಚ್ಚುತ್ತೇನೆ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದ. ಕೆಳಗಿನ ಮೂರು ಹಳ್ಳಿಯವರು ಆ ಕಾಡಿನ ಕಾಯಿ ಆರಿಸಿ, ಹೊಗೆಯಲ್ಲಿ ಒಣಗಿಸಿ, ಹಿಟ್ಟು ಬೀಸಿಕೊಂಡೇ ಚಳಿಗಾಲ ಕಳೆಯುವವರು. ನನ್ನ ತಂಗಿ ಮತ್ತು ಅವಳ ಐದು ಮಕ್ಕಳೂ ಅವರಲ್ಲಿದ್ದರು. ಕಾಡು ಮುಚ್ಚಿದರೆ ಹಿಮ ಬೀಳುವ ಮೊದಲೇ ಒಲೆ ಆರುತ್ತದೆ.

ನನ್ನಂಥ ಕತ್ತೆ ಹೊಡೆಯಲು ಬಂದು ಮಠ ಸೇರಿದವನಿಗೆ ಸಭೆಯಲ್ಲಿ ಮಾತಿಲ್ಲ. ಆದರೂ ಮಠದ ಎರಡನೇ ಹಿರಿಯ ತೆದಾಲ್ದೊ ಅಣ್ಣನವರನ್ನು ಬಾಗಿಲಲ್ಲೇ ಅಡ್ಡಗಟ್ಟಿದೆ.

"ಗವಿಯವರನ್ನ ತಂದು ಕೂರಿಸಿ ಅಣ್ಣ. ರಂಬಾಲ್ದೊಗೆ ದೇವ್ರ ಭಯ ಇಲ್ದೆ ಇರ್ಬೋದು, ಆ ಗವಿ ಭಯ ಇದೆ. ಅವನ ಕುದುರೆ ಕೂಡ ಆ ಕಡೆ ಮುಖ ಹಾಕಲ್ಲ."

"ಅವರು ಬರ್ತಾರೇನಯ್ಯಾ?"

"ಕೇಳಿದ್ರೆ ಬರಲ್ಲ. ಕೇಳ್ಬೇಡಿ."

ಕೇಳಲಿಲ್ಲ. ಸಭೆಯಲ್ಲಿ ಅವರನ್ನೇ ಆರಿಸಿ ಏಳು ಜನ ಸನ್ಯಾಸಿಗಳು ಹೊರಟರು, ದಾರಿ ತೋರಿಸಲು ಮುಂದೆ ನಾನು. ಸ್ವಾಮಿ ಅಳಲಿಲ್ಲ, ಬೈಯಲಿಲ್ಲ, ಗವಿಯ ಬಾಯಲ್ಲಿದ್ದ ಒಂದು ಬೇರನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಬಿಟ್ಟರು. ಓದು ಬಲ್ಲ ಸನ್ಯಾಸಿಗಳು ಗ್ರಂಥದ ಮಾತು ಹೇಳುತ್ತ ನಿಂತರು. ಒಂದೊಂದೇ ಬೆರಳು ಬಿಡಿಸಿದವನು ನಾನು.

"ನೀನೂನಾ ಬೊನಿಜೊ?" ಎಂದರು. ನಾನು ನನ್ನ ತಂಗಿಯ ಮಕ್ಕಳನ್ನು ನೆನೆಸಿಕೊಂಡು ಹತ್ತನೆಯ ಬೆರಳನ್ನೂ ಬಿಡಿಸಿದೆ.

ಪೀಠಕ್ಕೆ ಬಂದವರು ಒಂದು ಗಳಿಗೆ ಕೂತಲ್ಲಿ ಕೂರಲಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದರು. ಅಂಗಳದ ಸುತ್ತ ನಡೆದೂ ನಡೆದೂ ಕಲ್ಲುಚಪ್ಪಡಿಯನ್ನೇ ಸವೆಸುತ್ತಾರೇನೋ ಅನ್ನಿಸುತ್ತಿತ್ತು. ನಡೆಯಲಿಕ್ಕಾದರೂ ಬಿಟ್ಟರೇ? ಹತ್ತು ಹೆಜ್ಜೆಗೊಬ್ಬ ದೂರುಗಾರ. ಅವನ ನಿಲುವಂಗಿ ಹೊಸದು, ನನ್ನದು ಹಳೆಯದು. ಇವನು ಪ್ರಾರ್ಥನೆಯಲ್ಲಿ ಬೇಕೆಂದೇ ಅಪಸ್ವರ ಎಳೆಯುತ್ತಾನೆ. ಸಾರಿಗೆ ಉಪ್ಪು ಹೆಚ್ಚು. ಸಾರಿಗೆ ಉಪ್ಪು ಕಮ್ಮಿ. ಲೋಕ ಬಿಟ್ಟು ಬಂದ ಹನ್ನೊಂದು ಜನ ಸೇರಿ ಆ ಗೋಡೆಯೊಳಗೆ ಇನ್ನೊಂದು ಲೋಕವನ್ನೇ ಕಟ್ಟಿಕೊಂಡಿದ್ದರು.

ಆದರೂ ಕೆಲಸ ಮಾತ್ರ ಚೆನ್ನಾಗಿ ಮಾಡಿದರು. ರಂಬಾಲ್ದೊ ಬಾಲ ಮುದುರಿಕೊಂಡ. ಕಾಡು ತೆರೆದೇ ಇತ್ತು. ಸ್ವಾಮಿಗೆ ಮಠದಲ್ಲಿ ಹಿಡಿಸಿದ ಜೀವ ಒಂದೇ ಒಂದು: ಲೂಪೊ. ಸಿಪಾಯಿಯಾಗಿದ್ದು ಮುದಿತನದಲ್ಲಿ ಸನ್ಯಾಸಿಯಾದವನು, ಬಾಯಲ್ಲಿ ಹಲ್ಲಿಲ್ಲ, ಬೈಗುಳಕ್ಕೆ ಬರವಿಲ್ಲ. ರೋಗಿಗಳ ಕೋಣೆಯಲ್ಲಿ ಕೆಮ್ಮುತ್ತ ಮಲಗಿದ್ದ. ದಿನಾ ಊಟದ ಮೇಲೆ ಸ್ವಾಮಿ ಹೋಗಿ ಅವನ ಊದಿದ ಕಾಲಿಗೆ ಹಂದಿಕೊಬ್ಬು ಹಚ್ಚಿ ಉಜ್ಜುತ್ತಿದ್ದರು.

"ಮೆಲ್ಲಗೆ ಉಜ್ಜೋ ಗವಿ ನರಿ! ಇದು ಕಾಲು, ನಿನ್ನ ಬಂಡೆ ಅಲ್ಲ."

"ಬಂಡೆ ಬೈತಿರ್ಲಿಲ್ಲ, ಲೂಪೊ."

"ಅದಕ್ಕೇ ನಿಂಗೆ ಅಷ್ಟು ದೇವ್ರು ಕಂಡಿದ್ದು."

ಒಂದು ವರ್ಷ ಎರಡು ತಿಂಗಳು ಹೀಗೆ ಹೋಯಿತು. ಬೇಸಿಗೆಯ ಒಂದು ದಿನ, ಊಟದ ನಂತರ ಎಲ್ಲರೂ ಮಲಗಿರುವ ಹೊತ್ತು, ನಾನೂ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ. ಎಚ್ಚರವಾದಾಗ ಬಾಗಿಲ ಅಗುಳಿ ತೆಗೆದಿತ್ತು. ಆ ಮಧ್ಯಾಹ್ನದ ಪ್ರಾರ್ಥನೆಗೆ ಮಠಾಧಿಪತಿಯ ಪೀಠ ಖಾಲಿ.

ಗವಿಗೆ ಓಡಿದೆವು. ಅಲ್ಲಿರಲಿಲ್ಲ. ಐದನೆಯ ದಿನ ಕುರುಬನೊಬ್ಬ ಕೆಳಗಿನ ಕೊರಕಲಿನಲ್ಲಿ, ನೀರಿನ ಮಧ್ಯದ ಬಂಡೆಗೆ ಸಿಕ್ಕಿಕೊಂಡಿದ್ದ ಅವರ ನಿಲುವಂಗಿ ತಂದುಕೊಟ್ಟ. ತೆದಾಲ್ದೊ ಅಣ್ಣನವರು ಅದನ್ನು ಮುಖಕ್ಕೊತ್ತಿಕೊಂಡು ಅತ್ತರು. ಬಿಷಪರಿಂದ ಅಪ್ಪಣೆ ಬಂತು: ಮೂವತ್ತು ದಿನ ಸತ್ತವರ ವಿಧಿ ನಡೆಸಿ, ಮೂವತ್ತನೆಯ ದಿನ ಊಟದ ಮೇಲೆ ಹೊಸಬರನ್ನು ಆರಿಸಿ. ಸುದ್ದಿ ತಲುಪಿದ್ದೇ ತಡ, ರಂಬಾಲ್ದೊವಿನ ಅಣ್ಣನ ಮಗ ಎರಡು ಗಿಡುಗ, ಆರು ನಾಯಿ ಸಮೇತ ಬಂದು ನಮ್ಮ ಅತಿಥಿಗೃಹದಲ್ಲಿ ಬಿಡಾರ ಹೂಡಿದ. ಈ ಸಲ ಅವನಿಗೆ ಎದುರು ನಿಲ್ಲುವ ಗಂಡಸು ಆ ಹನ್ನೊಂದು ಜನರಲ್ಲಿ ಇರಲಿಲ್ಲ.

ಅರ್ದಿಂಗೊ ಸ್ವಾಮಿಯ ಜಾಗದಲ್ಲಿ ಶಿಲುಬೆ ಇಟ್ಟರು. ಅವರ ಪಾಲನ್ನು ನಾನು ಬಾಗಿಲಿಗೆ ತರತೊಡಗಿದೆ.

ಒಂಬತ್ತನೆಯ ದಿನ ಹೊಸ ಭಿಕ್ಷುಕನೊಬ್ಬ ಎಲ್ಲರಿಗಿಂತ ಮುಂದೆ ಕೂತಿದ್ದ. ಗಡ್ಡ ತಲೆ ಬೋಳು, ಹಲ್ಲುನೋವಿನವರ ಹಾಗೆ ಮುಖಕ್ಕೆ ಬಟ್ಟೆ ಸುತ್ತಿದ್ದ. ಪಾಲನ್ನು ಅವನ ಮುಂದಿಡಲು ಬಗ್ಗಿದವನು ಅವನ ಕಾಲು ನೋಡಿದೆ. ಎಡಗಾಲಿನ ಕಿರುಬೆರಳಿಲ್ಲ. ಹಿಮಕ್ಕೆ ಸತ್ತ ಆ ಬೆರಳನ್ನು ಗವಿಯಲ್ಲಿ ಕತ್ತರಿಸಿದವನೇ ನಾನು. ಹಿಂದೆ ನಾಲ್ಕು ಜನ ಕುಂಟರು ಕುರುಡರು ಕಾಯುತ್ತಿದ್ದರು. ಏನೂ ಆಗದವನಂತೆ ರೂಢಿಯ ಮಾತನ್ನು ಹೇಳಿದೆ.

"ಉಂಡು, ಸತ್ತವರಿಗಾಗಿ ಪ್ರಾರ್ಥನೆ ಮಾಡ್ಬೇಕು. ಅರ್ದಿಂಗೊ ಅಂತ ಹೆಸ್ರು."

"ಒಳ್ಳೇವ್ರಾ?" ಎಂದಿತು ಬಟ್ಟೆಯೊಳಗಿನ ದನಿ.

"ಓಡಿಹೋಗೋ ತನಕ ಒಳ್ಳೇವ್ರೇ."

ಅವರು ಅನ್ನ ಕಾಣದವರ ಹಾಗೆ ಉಂಡು, ಕಣ್ಣು ಮುಚ್ಚಿ, ತಮ್ಮ ಆತ್ಮಕ್ಕೆ ತಾವೇ ಶಾಂತಿ ಕೋರಿ ಎದ್ದುಹೋದರು. ನನಗೆ ಅಳಬೇಕೋ ಒದೆಯಬೇಕೋ ತಿಳಿಯಲಿಲ್ಲ.

ಮರುದಿನವೂ ಬಂದರು. ಅದರ ಮರುದಿನವೂ. ಉಣ್ಣುವುದು ಕಡಿಮೆ, ಕೇಳುವುದು ಹೆಚ್ಚು. ಮಳೆಗೆ ಮುಂಚೆ ಉಗ್ರಾಣದ ಹಿಂದಿನ ಕಾಲುವೆ ಅಗೆದರಾ? ಜೇನಿನ ಗೂಡಿಗೆ ಹೊಗೆ ಹಾಕಿದರಾ? ಆ ಒಳಗಿನ ಮುದುಕ ಯಾರೋ ಕೆಮ್ಮುತ್ತಾನಲ್ಲ, ಹೇಗಿದ್ದಾನೆ? ಭಿಕ್ಷುಕನಿಗೆ ಇಷ್ಟೆಲ್ಲ ಯಾಕೆ? ಹದಿನೈದನೆಯ ದಿನ ಉಳಿದವರೆಲ್ಲ ಹೋಗುವವರೆಗೂ ಕಾದು ಪಕ್ಕದಲ್ಲಿ ಕೂತೆ.

"ಸಾಕು ಸ್ವಾಮಿ, ಈ ವೇಷ. ಬೆರಳು ಕತ್ತರಿಸಿದವ್ನ ಮುಂದೆ ಕಾಲು ಚಾಚಿ ಕೂತ್ರೆ ಗೊತ್ತಾಗಲ್ವಾ?"

ಅವರು ಓಡಿಹೋಗಲಿಲ್ಲ. ಮುಖದ ಬಟ್ಟೆಯನ್ನು ಸ್ವಲ್ಪ ಸಡಿಲ ಮಾಡಿಕೊಂಡರು, ಅಷ್ಟೆ.

"ಕೊರಕಲು ದಾಟೋವಾಗ ಜಾರಿದೆ. ನಿಲುವಂಗಿ ನೀರಿನ ಪಾಲಾಯ್ತು. ಸತ್ತೋದ್ರು ಅಂತ ಕುರುಬ್ರು ಮಾತಾಡ್ತಿದ್ದು ಕೇಳ್ತು. ಇದೂ ಒಳ್ಳೇದೇ ಅಂದ್ಕೊಂಡೆ. ನೀವು ಹುಡುಕೋದು ಬಿಟ್ಮೇಲೆ ಗವಿಗೆ ಹೋದೆ."

"ಮತ್ತೆ ಅಲ್ಲೇ ಇರ್ಬೇಕಿತ್ತು! ನಿಮ್ಗೆ ಬೇಕಾಗಿದ್ದು ಅದೇ ತಾನೆ?"

"ಇರಕ್ಕಾಗ್ಲಿಲ್ಲ ಬೊನಿಜೊ. ಗಂಟೆ ಹೊಡೆದ್ರೆ ಕಿವಿ ಇಲ್ಲಿಗೆ ಓಡ್ಬರುತ್ತೆ. ಗಾಳಿ ಬೀಸಿದ್ರೆ ಲೂಪೊ ಕೆಮ್ಮಿದ ಹಾಗೆ ಕೇಳುತ್ತೆ. ಕಣ್ಮುಚ್ಚಿದ್ರೆ ದೇವ್ರು ಬರಲ್ಲ, ಆ ಉಪ್ಪಿನ ಜಗಳದವ್ರು ಬರ್ತಾರೆ. ಇಲ್ಲಿದ್ದಾಗ ಅಲ್ಲಿನ ಹಂಬಲ, ಅಲ್ಲಿ ಹೋದ್ರೆ ಇಲ್ಲಿನ ಚಿಂತೆ. ಎಲ್ಲೂ ಕೂರಕ್ಕಾಗ್ತಿಲ್ಲ."

"ಹಾಗಾದ್ರೆ ಒಳಗೆ ಬನ್ನಿ."

"ಬಂದ್ರೆ ಸಾಯೋ ತನಕ ಇದೇ. ಯಾರಿಗೂ ಹೇಳ್ಬೇಡ. ಮಾತು ಕೊಡು."

ಕೊಟ್ಟೆ. ಯಾಕೆ ಕೊಟ್ಟೆ? ಆ ಬೆರಳುಗಳನ್ನು ಒಂದು ಸಲ ಬಿಡಿಸಿದ್ದೆನಲ್ಲ, ಅದಕ್ಕೆ. ಬಲವಂತದಿಂದ ತಂದಾಗ ಒಮ್ಮೆ ಓಡಿದ್ದರು, ಎಳೆದು ತಂದರೆ ಮತ್ತೆ ಓಡುತ್ತಾರೆ, ಅದೂ ಗೊತ್ತಿತ್ತು. ಆದರೆ ಅತಿಥಿಗೃಹದಲ್ಲಿ ಆ ನಾಯಿಗಳು ಬೊಗಳಿದಾಗಲೆಲ್ಲ ನನ್ನ ನಿದ್ದೆ ಹಾರಿಹೋಗುತ್ತಿತ್ತು. ತಂಗಿ ಒಂದು ದಿನ ಬಂದು, "ಕಾಯಿ ಒಣಗ್ಸೋ ಗೂಡಿಗೆ ಮಣ್ಣು ಮೆತ್ಲಾ, ಬೇಡ್ವಾ ಅಣ್ಣಾ? ಈ ವರ್ಷ ಕಾಡು ಇರುತ್ತಾ?" ಎಂದು ಕೇಳಿದಳು. ಏನು ಹೇಳಲಿ? ಅತ್ತ ದರಿ, ಇತ್ತ ಪುಲಿ. "ಮೆತ್ತು, ನೋಡೋಣ" ಎಂದೆ. ಸ್ವಾಮಿಗೂ ಕಾಡಿನ ವಿಷಯ ಹೇಳಿದೆ. ತಲೆ ತಗ್ಗಿಸಿ ಕೇಳಿದರು, ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡರು, ತಿನ್ನಲಿಲ್ಲ, ಏಳಲೂ ಇಲ್ಲ.

ಮೂವತ್ತನೆಯ ದಿನ ಬೆಳಿಗ್ಗೆ ಒಳಗೆ ಮರದ ಹಲಗೆ ಬಡಿದರು. ಯಾರಾದರೂ ಸಾಯುತ್ತಿದ್ದರೆ ನಮ್ಮಲ್ಲಿ ಗಂಟೆ ಹೊಡೆಯುವುದಿಲ್ಲ, ಹಲಗೆ ಬಡಿಯುತ್ತೇವೆ. ಅದರ ಸದ್ದು ಗೋಡೆಯಾಚೆ ಹೋಗುವುದಿಲ್ಲ. ನಾನು ಓಡಿಹೋಗುವಷ್ಟರಲ್ಲಿ ಲೂಪೊವನ್ನು ಬೂದಿ ಹರಡಿದ ನೆಲದ ಮೇಲೆ ಇಳಿಸಿದ್ದರು. ಸ್ವಲ್ಪ ಹೊತ್ತಿಗೆ ಹೋದ. ಅವನನ್ನು ತೊಳೆದು ಇಗರ್ಜಿಯಲ್ಲಿ ಮಲಗಿಸಿದರು. ಆರಿಸುವ ಸಭೆ ಮುಗಿಯಲಿ, ಹೂಳುವುದು ಆಮೇಲೆ ಎಂದರು.

ಅಂದಿನ ಊಟಕ್ಕೆ ಪಂಕ್ತಿಯಲ್ಲಿ ಎರಡು ಶಿಲುಬೆ. ಸ್ವಾಮಿಯ ಕೊನೆಯ ಪಾಲು, ಲೂಪೊವಿನ ಮೊದಲ ಪಾಲು. ಎರಡೂ ಹೊತ್ತು ಬಾಗಿಲಿಗೆ ಬರುತ್ತ, ನಡುದಾರಿಯಲ್ಲಿ ನನಗೆ ಆ ಯೋಚನೆ ಹೊಳೆಯಿತು. ದೇವರು ಹೊಳೆಸಿದ್ದಲ್ಲ. ಒಂದು ಬೋಗುಣಿಯನ್ನು ಬಾಗಿಲ ಸಂದಿಯಲ್ಲಿ, ಕದದ ಹಿಂದೆ ಇಟ್ಟೆ. ಒಂದನ್ನು ಮಾತ್ರ ಹೊರಗೆ ತಂದೆ.

ಸ್ವಾಮಿ ಒಬ್ಬರೇ ಕೂತಿದ್ದರು. ಪಾಲಿನ ಕಡೆ ನೋಡಲಿಲ್ಲ.

"ಇವತ್ತೇ ಅಲ್ವಾ ಆರಿಸೋದು?"

"ಈಗ್ಲೇ. ಗಂಟೆ ಹೊಡೀತಾರೆ."

"ಲೂಪೊ ಹೇಗಿದಾನೆ?"

"ಹೇಗಿರ್ತಾನೆ! ನಿಮ್ಮನ್ನೇ ಕೇಳ್ತಿದಾನೆ," ಎಂದೆ. ನನ್ನ ನಾಲಿಗೆ ತಡವರಿಸಲಿಲ್ಲ, ಅದೇ ನನಗೆ ಇವತ್ತಿಗೂ ಸೋಜಿಗ. "ಬೆಳಿಗ್ಗೆಯಿಂದ ಒಂದೇ ಹಟ. ಆ ಗವಿ ನರಿ ಬರ್ಲಿ, ಕಾಲು ಉಜ್ಲಿ, ಆಮೇಲೆ ಸಾಯ್ತೀನಿ ಅಂತಿದಾನೆ. ನೀವು ಸತ್ತಿದೀರಿ ಅಂದ್ರೆ ನಂಬ್ತಾನೇ ಇಲ್ಲ."

ಅವರು ತಟ್ಟನೆ ಎದ್ದರು. ಯೋಚನೆಯನ್ನೇ ಮಾಡಲಿಲ್ಲ. ಹದಿನಾಲ್ಕು ವರ್ಷದ ಗವಿ, ಮೂವತ್ತು ದಿನದ ತೊಳಲಾಟ, ಒಂದೂ ಅಡ್ಡ ಬರಲಿಲ್ಲ. ಮುಖದ ಬಟ್ಟೆ ಕಿತ್ತೆಸೆದು ಬಾಗಿಲೊಳಗೆ ಕಾಲಿಟ್ಟರು. ಕದವನ್ನು ಜೋರಾಗಿ ನೂಕಿದ್ದಕ್ಕೆ ಅದರ ಹಿಂದಿದ್ದ ಬೋಗುಣಿಗೆ ತಗುಲಿ ಸಾರು ಚೆಲ್ಲಿತು.

ನಿಂತರು. ಚೆಲ್ಲಿದ ಸಾರನ್ನು ನೋಡಿದರು, ರೊಟ್ಟಿಯನ್ನು ನೋಡಿದರು. ನಮ್ಮ ಮಠದವರಿಗೆ ಬಾಗಿಲಲ್ಲಿ ಎರಡನೆಯ ಪಾಲು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಇದು ಯಾರ ಪಾಲು?"

ನಾನು ರೋಗಿಗಳ ಕೋಣೆಯ ಕಡೆ ನೋಡಿದೆ.

"ಯಾವಾಗ?"

"ಬೆಳಿಗ್ಗೆ."

"ನನ್ನ ಕೇಳಿದ್ನಾ? ಈಗಾದ್ರೂ ನಿಜ ಹೇಳು."

"ಕೇಳ್ಲಿಲ್ಲ ಸ್ವಾಮಿ. ಬೈದ. ಆ ಗವಿ ನರಿ ಎಲ್ಲಿ ಹಾಳಾಗಿ ಹೋಯ್ತೋ, ಈ ಕಾಲನ್ನ ಇನ್ಯಾರೂ ಮುಟ್ಟೋದು ಬೇಡ ಅಂದ. ಯಾರನ್ನೂ ಮುಟ್ಟಕ್ಕೆ ಬಿಡ್ಲಿಲ್ಲ. ಹಾಗೇ ಹೋದ."

ಒಂದು ಕಾಲು ಹೊಸಿಲ ಒಳಗೆ, ಇನ್ನೊಂದು ಹೊರಗೆ. ಕದ ತೆರೆದೇ ಇತ್ತು, ನಾನು ಹಿಡಿದುಕೊಂಡಿರಲಿಲ್ಲ. ದೇವರಾಣೆ, ಅವರು ಹಿಂದಕ್ಕೆ ತಿರುಗಿದ್ದರೆ ನಾನು ತಡೆಯುತ್ತಿರಲಿಲ್ಲ. ಸಭೆಯ ಗಂಟೆ ಹೊಡೆಯತೊಡಗಿತು. ಸ್ವಾಮಿ ಅಳುತ್ತಿದ್ದರು, ಅಳುತ್ತಲೇ ನನ್ನ ಕಡೆ ನೋಡಿ, "ಹಂದಿಕೊಬ್ಬು ಎಲ್ಲಿದೆ?" ಎಂದರು.

ಇಗರ್ಜಿಗೆ ಹೋಗಿ ಸತ್ತವನ ತಣ್ಣನೆಯ ಕಾಲನ್ನು ಬಲು ಹೊತ್ತು ಉಜ್ಜಿದರು. ಆಮೇಲೆ ಸಭೆಯ ಕೋಣೆಗೆ ನಡೆದು ಹೋಗಿ ತಮ್ಮ ಪೀಠದಲ್ಲಿ ಕೂತರು. ಅಲ್ಲಿ ಎದ್ದ ಗಲಾಟೆ ನಿಮಗೆ ಬೇರೆಯವರು ಹೇಳಿರುತ್ತಾರೆ. ತೆದಾಲ್ದೊ ಅಣ್ಣನವರು ಮೂರ್ಛೆ ಹೋದರು. ಗಿಡುಗದ ದೊರೆ ಮೊಣಕಾಲೂರಿ ತನ್ನ ಪಾಪಗಳನ್ನೆಲ್ಲ ಯಾರೂ ಕೇಳದಿದ್ದರೂ ಒದರಿ, ಸಂಜೆಯೊಳಗೆ ನಾಯಿಗಳ ಸಮೇತ ಜಾಗ ಖಾಲಿ ಮಾಡಿದ. ಸ್ವಾಮಿ ಮಾತ್ರ, ನಾನು ಸತ್ತಿರಲಿಲ್ಲ, ಓಡಿಹೋಗಿದ್ದೆ, ತಪ್ಪಾಯಿತು ಎಂದು ಹೇಳುತ್ತಲೇ ಇದ್ದರು. ಯಾರಿಗೆ ಬೇಕು ಆ ನಿಜ? ಸಪ್ಪೆ ನಿಜಕ್ಕಿಂತ ಒಗ್ಗರಣೆ ಹಾಕಿದ ಪವಾಡ ರುಚಿ. ನನ್ನ ತಂಗಿ ಗೂಡಿಗೆ ಮಣ್ಣು ಮೆತ್ತಿದಳು.

ನಮ್ಮಲ್ಲಿ ತಪ್ಪು ಮಾಡಿದವನು ಅದನ್ನು ಮಠಾಧಿಪತಿಯ ಮುಂದೆ ಒಪ್ಪಿಕೊಳ್ಳಬೇಕು. ನನ್ನ ದುರದೃಷ್ಟ ನೋಡಿ, ಯಾರಿಗೆ ಸುಳ್ಳು ಹೇಳಿದ್ದೆನೋ ಅವರ ಮುಂದೆಯೇ ಹೋಗಿ ಮೊಣಕಾಲೂರಬೇಕಾಯಿತು. ಉಪವಾಸ ಹಾಕಿಸುತ್ತಾರೆ, ಇಲ್ಲವೇ ಬೆನ್ನಿಗೆ ಬೆತ್ತ ಎಂದುಕೊಂಡಿದ್ದೆ.

"ನಿನ್ನ ಪ್ರಾಯಶ್ಚಿತ್ತ ಇಷ್ಟೇ ಬೊನಿಜೊ," ಎಂದರು. "ಇನ್ಮೇಲೆ ನಾನು ಒಳಗಿಂದ ಬಂದು ಬಾಗಿಲು ತೆಗಿ ಅಂದ್ರೆ ತೆಗೀಬಾರ್ದು. ಬೇಡ್ಕೊಂಡ್ರೂ ತೆಗೀಬಾರ್ದು. ನಾನು ಬಂದೇ ಬರ್ತೀನಿ."

ಬಂದರು. ಹದಿನೇಳು ವರ್ಷ ಬಂದರು. ಕೆಲವೊಮ್ಮೆ ವಾರಕ್ಕೆರಡು ಸಲ, ಕೆಲವೊಮ್ಮೆ ಆರು ತಿಂಗಳಿಗೊಮ್ಮೆ. ಬಂದು ಬೆಟ್ಟದ ಕಡೆಯ ಆ ಕದಕ್ಕೆ ಕೈ ಇಡುತ್ತಿದ್ದರು. ಒಮ್ಮೆ ಆಜ್ಞೆ ಮಾಡಿದರು, ಒಮ್ಮೆ ನನ್ನನ್ನು ನಾಯಿ ಎಂದು ಬೈದರು, ಒಮ್ಮೆ ಕಾಲಿಗೇ ಬಿದ್ದರು. ನಾನು ತೆಗೆಯಲಿಲ್ಲ. ಪ್ರತಿ ಸಲ ಅವರು ಹಿಂದಿರುಗಿದ ಮೇಲೆ ನಾನು ಒಬ್ಬನೇ ಕೂತು, ಮಠಕ್ಕೂ ಕಾಡಿಗೂ ನನಗೂ ಶಾಪ ಹಾಕುತ್ತಿದ್ದೆ.

ಈ ವಸಂತದಲ್ಲಿ, ಹಿಮ ಕರಗಿದ ಮೊದಲ ದಿನ, ಗೋಡೆ ಹಿಡಿದು ಹಿಡಿದು ಬಂದರು. ಕಣ್ಣು ಮಂಜಾಗಿತ್ತು, ಉಸಿರಿಗೆ ಸಿಳ್ಳೆ ಸೇರಿತ್ತು.

"ತೆಗಿ ಬೊನಿಜೊ. ಹೊರಗೆ ಹೆಜ್ಜೆ ಕೂಡ ಇಡಲ್ಲ. ಇಲ್ಲೇ ನಿಂತು ಒಂದು ಸಲ ಬಂಡೆ ಕಡೆ ಮುಖ ಮಾಡಿ ಗಾಳಿ ಕುಡೀತೀನಿ."

"ಆಗಲ್ಲ ಸ್ವಾಮಿ."

"ನಾನೇ ಹೇಳ್ತಿದೀನಲ್ಲೋ."

"ತೆಗೀಬೇಡ ಅಂದವ್ರೂ ನೀವೇ."

ನನ್ನ ಬೆಂಚಿನ ಮೇಲೆ ಕೂತರು. ಕದಕ್ಕೆ ಕೆನ್ನೆ ಇಟ್ಟು ಸಂದಿಯಿಂದ ಬರುವ ಗಾಳಿಗೆ ಮೂಗೊಡ್ಡಿ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನನ್ನ ತೋಳು ಹಿಡಿದು ಎದ್ದು, "ಒಳ್ಳೇ ಕೆಲ್ಸ ಮಾಡ್ದೆ" ಎಂದು ಹೇಳಿ ಹೋದರು. ನಾಲ್ಕನೆಯ ದಿನ ಒಳಗೆ ಹಲಗೆ ಬಡಿದರು.

ಹತ್ತು ಹೆಜ್ಜೆ ನಡೆಯಲಾರದ ಮುದುಕ. ಎಲ್ಲಿಗೆ ಓಡಿಹೋಗುತ್ತಿದ್ದರು? ತೆಗೆಯಬಹುದಿತ್ತು.